ಮೈಕ್ ಎಲ್ಲಿತ್ತು ಅಂತ ಕೇಳಿ

ಶಿವಮೊಗ್ಗದ ಓದುಗರೊಬ್ಬರು ಬರೆದಿದ್ದಾರೆ: "ಹೊಸದಾಗಿ ಒಂದು ಆಂಪ್ಲಿಫೈಯರ್, ಒಂದು ಜೊತೆ ಸ್ಪೀಕರ್ ಕೊಂಡೆ. ಸ್ಟುಡಿಯೊದಲ್ಲಿ ಹಾಡಿದ್ದೆಲ್ಲ ಚೆನ್ನಾಗಿ ಕೇಳುತ್ತದೆ. ಗೆಳೆಯರು ಕೊಟ್ಟ ರಾಮನವಮಿ ಕಛೇರಿಯ ರೆಕಾರ್ಡಿಂಗ್ ಹಾಕಿದರೆ ಮಾತ್ರ ಗಾಯಕರು ಕಿವಿಯ ಪಕ್ಕದಲ್ಲೇ, ಮೃದಂಗ ಪಕ್ಕದ ಮನೆಯಲ್ಲಿ, ತಂಬೂರಿ ಎಲ್ಲೂ ಇಲ್ಲ. ಲೈವ್ ಅಂದ್ರೆ ಇಷ್ಟೇ, ಸುಮ್ನೆ ಸ್ಟುಡಿಯೊ ಆಲ್ಬಂ ಕೇಳಿ ಅಂತ ಮಗ ಹೇಳುತ್ತಾನೆ. ಚೆನ್ನಾಗಿ ರೆಕಾರ್ಡ್ ಆದ ಲೈವ್ ಆಲ್ಬಂಗಳು ಇದ್ದರೆ, ಯಾವ ಸಂಗೀತವಾದರೂ ಸರಿ, ಹೆಸರು ಹೇಳಿ. ತಪ್ಪು ನನ್ನ ಸ್ಪೀಕರಿನದಾ ಅಂತಲೂ ತಿಳಿಸಿ."

ನಮಸ್ಕಾರ. ಸ್ಪೀಕರಿನ ವಿಷಯಕ್ಕೆ ಕೊನೆಗೆ ಬರುತ್ತೇನೆ. ಮೊದಲು ನಿಮ್ಮ ಮಗನ ಮಾತು. ಅದನ್ನು ನಾನು ಒಪ್ಪುವುದಿಲ್ಲ. ನಾನು ಕೇಳಿದ ಒಳ್ಳೆಯ ರೆಕಾರ್ಡಿಂಗ್‌ಗಳಲ್ಲಿ ಜಾಸ್ತಿ ಪಾಲು ಜನರ ಎದುರಿಗೆ ಆದವು. ಆದರೆ ಲೈವ್ ಆಲ್ಬಂ ಆರಿಸುವಾಗ ಹಾಡಿದ್ದು ಯಾರು ಅಂತ ಕೇಳಿದರೆ ಸಾಲದು, ಮೈಕ್ ಎಲ್ಲಿತ್ತು ಅಂತಲೂ ಕೇಳಬೇಕು.

ನಿಮ್ಮ ರಾಮನವಮಿ ರೆಕಾರ್ಡಿಂಗನ್ನೇ ತಗೊಳ್ಳಿ. ನೀವು ಹೇಳಿದ ಲಕ್ಷಣ ನೋಡಿದರೆ ಅದು ಮಿಕ್ಸರ್‌ನಿಂದ, ಅಂದ್ರೆ ಎಲ್ಲ ಮೈಕುಗಳ ದನಿ ಸೇರಿಸಿ ಸ್ಪೀಕರಿಗೆ ಕಳಿಸುವ ಪೆಟ್ಟಿಗೆಯಿಂದ, ನೇರವಾಗಿ ವೈರ್ ಎಳೆದು ಮಾಡಿದ್ದು. ಮಿಕ್ಸರ್ ಮುಂದೆ ಕೂತವರ ಕೆಲಸ ಪೆಂಡಾಲಿನ ಜನರಿಗೆ ಕೇಳಿಸುವುದು. ಮೃದಂಗದ ದನಿ ದೊಡ್ಡದು, ಮೈಕ್ ಇಲ್ಲದೆಯೂ ಮುಂದಿನ ಸಾಲುಗಳಿಗೆ ತಲುಪುತ್ತದೆ, ಹಾಗಾಗಿ ಅದನ್ನು ಸ್ಪೀಕರಿಗೆ ಸ್ವಲ್ಪವೇ ಬಿಡುತ್ತಾರೆ. ಗಾಯಕರ ದನಿಯನ್ನು ಜೋರಾಗಿ ಬಿಡುತ್ತಾರೆ. ಅಲ್ಲಿ ಕೂತವರಿಗೆ ವೇದಿಕೆಯಿಂದ ನೇರವಾಗಿ ಬಂದದ್ದು, ಸ್ಪೀಕರಿನಿಂದ ಬಂದದ್ದು, ಎರಡೂ ಸೇರಿ ಹದವಾಗಿ ಕೇಳುತ್ತದೆ. ವೈರಿನೊಳಗೆ ಹೋಗುವುದು ಎರಡನೆಯದು ಮಾತ್ರ. ತಂಬೂರಿಗೆ ಬಹಳ ಸಲ ಬೇರೆ ಮೈಕೇ ಇರುವುದಿಲ್ಲ. ಇದರ ಬದಲು ಯಾರೋ ಹತ್ತನೇ ಸಾಲಿನಲ್ಲಿ ಫೋನ್ ಹಿಡಿದು ರೆಕಾರ್ಡ್ ಮಾಡಿದ್ದರೆ ಉಲ್ಟಾ ಆಗುತ್ತಿತ್ತು. ಮೃದಂಗ, ಕೆಮ್ಮು, ಫ್ಯಾನು, ಹೊರಗಿನ ಬಸ್ಸಿನ ಹಾರನ್ನು ಎಲ್ಲ ಬಂದು ಸಾಹಿತ್ಯದ ಅಕ್ಷರ ಮಾತ್ರ ಕೇಳುತ್ತಿರಲಿಲ್ಲ. ಎರಡನ್ನೂ ಒಳ್ಳೆಯ ಲೈವ್ ರೆಕಾರ್ಡಿಂಗ್ ಅನ್ನೋದಕ್ಕೆ ಆಗಲ್ಲ. ಒಳ್ಳೆಯದು ಬೇಕಾದರೆ ರೆಕಾರ್ಡಿಂಗ್‌ಗೇ ಅಂತ ಬೇರೆ ಮೈಕ್ ಇಡಬೇಕು, ಹಾಲ್ ಕೇಳುವುದಕ್ಕೂ ಮೈಕ್ ಇಡಬೇಕು, ಆಮೇಲೆ ಯಾರಾದರೂ ತಾಳ್ಮೆಯಿಂದ ಕೂತು ಸೇರಿಸಬೇಕು. ಇಲ್ಲಾ, ಎರಡೇ ಮೈಕನ್ನು ಸರಿಯಾದ ಜಾಗದಲ್ಲಿಟ್ಟು ಹದವನ್ನು ಕಲಾವಿದರಿಗೇ ಬಿಡಬೇಕು.

ಈಗ ಹೆಸರುಗಳು. ಹೊಸ ಸ್ಪೀಕರ್ ಇರುವುದರಿಂದ ಅಮೆರಿಕದ ಗಾಯಕ ಹ್ಯಾರಿ ಬೆಲಫಾಂಟೆ ಅವರ 'ಬೆಲಫಾಂಟೆ ಅಟ್ ಕಾರ್ನೆಗಿ ಹಾಲ್'ನಿಂದ ಶುರು ಮಾಡಿ. 1959ರ ಏಪ್ರಿಲ್ 19 ಮತ್ತು 20, ನ್ಯೂಯಾರ್ಕ್. ಹಿಂದೆ 47 ಜನರ ವಾದ್ಯವೃಂದ, ಮುಂದೆ ಬೆಲಫಾಂಟೆ. ರೆಕಾರ್ಡ್ ಮಾಡಿದ್ದು ಆರ್‌ಸಿಎ ಕಂಪನಿಯ ಎಂಜಿನಿಯರ್ ಬಾಬ್ ಸಿಂಪ್ಸನ್, ಆ ಕೆಲಸಕ್ಕೆ ಅವರಿಗೆ ಗ್ರ್ಯಾಮಿ ಬಂತು. ಸ್ಟೀರಿಯೊ ಅನ್ನೋದೇ ಆಗ ಮನೆಗಳಿಗೆ ಹೊಸದು. ಆದರೂ ಇವತ್ತಿಗೂ ಸ್ಪೀಕರ್ ಪರೀಕ್ಷೆ ಮಾಡುವವರು ಈ ಆಲ್ಬಂ ಹಾಕುತ್ತಾರೆ. ಯಾಕೆ ಅಂತ ಗೊತ್ತಾಗಬೇಕಾದರೆ ಕೊನೆಯಲ್ಲಿ ಬರುವ 'ಮಟಿಲ್ಡಾ' ಕೇಳಿ. ಹತ್ತು ನಿಮಿಷಕ್ಕೂ ಜಾಸ್ತಿ ಇದೆ. ಬೆಲಫಾಂಟೆ ಹಾಡು ನಿಲ್ಲಿಸಿ ಜನರ ಕೈಲಿ ಹಾಡಿಸುತ್ತಾರೆ, ಈ ಕಡೆಯವರು ಹಾಡಿ, ಆ ಕಡೆಯವರು ಹಾಡಿ, ನಲವತ್ತು ದಾಟಿದ ಹೆಂಗಸರು ಮಾತ್ರ ಹಾಡಿ ಅಂತ. ಅವರು ವೇದಿಕೆಯ ಮೇಲೆ ನಡೆದಾಡುವುದು ದನಿಯಲ್ಲೇ ಗೊತ್ತಾಗುತ್ತದೆ. ಮೈಕಿನಿಂದ ದೂರ ಹೋದಾಗ ಅವರ ದನಿ ಸುಮ್ಮನೆ ಸಣ್ಣದಾಗುವುದಿಲ್ಲ, ಅದಕ್ಕೆ ಹಾಲಿನ ಗುಂಗು ಸೇರಿಕೊಳ್ಳುತ್ತದೆ. ಜನ ನಗುವುದು, ನಾಚಿಕೊಂಡು ಹಾಡುವುದು, ಆಮೇಲೆ ನಾಚಿಕೆ ಬಿಡುವುದು ಎಲ್ಲ ಅದರಲ್ಲಿದೆ. ಇದನ್ನು ಯಾವ ಸ್ಟುಡಿಯೊದಲ್ಲಿ ಮಾಡ್ತೀರಿ ಅಂತ ಮಗನನ್ನು ಕೇಳಿ.

ಎರಡನೆಯದು ಇದಕ್ಕೆ ತದ್ವಿರುದ್ಧ. ನ್ಯೂಯಾರ್ಕಿನಲ್ಲೇ, ಆದರೆ ನೆಲಮಾಳಿಗೆಯಲ್ಲಿರುವ ಒಂದು ಪುಟ್ಟ ಜಾಝ್ ಕ್ಲಬ್ಬು, ವಿಲೇಜ್ ವ್ಯಾನ್‌ಗಾರ್ಡ್. 1961ರ ಜೂನ್ 25, ಭಾನುವಾರ. ಪಿಯಾನೊ ಬಿಲ್ ಎವಾನ್ಸ್, ಬೇಸ್ ಅನ್ನೋ ದೊಡ್ಡ ತಂತಿವಾದ್ಯ ಸ್ಕಾಟ್ ಲಫಾರೊ, ಡ್ರಮ್ಸ್ ಪಾಲ್ ಮೋಟಿಯನ್. ಮಧ್ಯಾಹ್ನ ಎರಡು, ಸಂಜೆ ಮೂರು, ಒಟ್ಟು ಐದು ಸುತ್ತು ನುಡಿಸಿದರು. ಎಂಜಿನಿಯರ್ ಡೇವ್ ಜೋನ್ಸ್ ಎರಡು ಟ್ರ್ಯಾಕಿನ ಟೇಪ್ ಮೆಷಿನ್ ತಂದಿಟ್ಟು ಅಲ್ಲೇ ಹಿಡಿದರು. ಎರಡೇ ಟ್ರ್ಯಾಕ್ ಅಂದ್ರೆ ಮೂರು ವಾದ್ಯದ ದನಿಯೂ ಆಗಲೇ ಬೆರೆತು ಟೇಪಿಗೆ ಬೀಳುತ್ತದೆ, ಆಮೇಲೆ ಕೂತು ಪಿಯಾನೊ ಏರಿಸುವುದು, ಡ್ರಮ್ ಇಳಿಸುವುದು ಆಗೋದಿಲ್ಲ. ಆ ಕ್ಷಣದಲ್ಲಿ ಹದ ಸರಿಯಾಗಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಮೊದಲ ತುಣುಕಿನ ನಡುವೆ ಕರೆಂಟು ಕೈಕೊಟ್ಟು ಟೇಪ್ ತಪ್ಪಿತು. ಅದನ್ನೂ ಆಮೇಲೆ ಬಂದ ಸಂಪೂರ್ಣ ಸೆಟ್ಟಿನಲ್ಲಿ ಹಾಗೇ ಹಾಕಿದ್ದಾರೆ.

ಈ ಒಂದು ದಿನದಿಂದ ಎರಡು ಆಲ್ಬಂ ಬಂದವು, 'ಸಂಡೇ ಅಟ್ ದ ವಿಲೇಜ್ ವ್ಯಾನ್‌ಗಾರ್ಡ್' ಮತ್ತು 'ವಾಲ್ಟ್ಸ್ ಫಾರ್ ಡೆಬಿ'. ನುಡಿಸುತ್ತಿದ್ದಾಗ ಗ್ಲಾಸುಗಳು ಠಣ್ ಅನ್ನುತ್ತವೆ. ಯಾರೋ ಮಾತಾಡುತ್ತಾರೆ, ಯಾರೋ ನಗುತ್ತಾರೆ. ಇಂಥ ಸಂಗೀತದ ನಡುವೆ ಜನ ಹೀಗೆ ಮಾತಾಡಿಕೊಂಡಿದ್ದರಲ್ಲ ಅಂತ ಸಿಟ್ಟು ಬರಬಹುದು. ಸ್ವಲ್ಪ ಹೊತ್ತು ಕೇಳಿ. ಆ ಸದ್ದುಗಳು ಹಿಂದೆ ಇರುವುದರಿಂದಲೇ ಪಿಯಾನೊ ಎಷ್ಟು ಹತ್ತಿರ ಇದೆ, ಕೋಣೆ ಎಷ್ಟು ಚಿಕ್ಕದು, ಅವರು ಎಷ್ಟು ಮೆಲ್ಲಗೆ ನುಡಿಸುತ್ತಿದ್ದಾರೆ ಅನ್ನೋದು ತಿಳಿಯುತ್ತದೆ. ಬೇಸ್ ಅನ್ನು ಗಮನಿಸಿ. ಲಫಾರೊ ಬರೀ ತಾಳಕ್ಕೆ ಆಸರೆ ಕೊಡುವವರಲ್ಲ, ಪಿಯಾನೊ ಜೊತೆ ಮಾತಿಗೆ ಮಾತು ಕೊಡುತ್ತಾರೆ. ತಂತಿಯನ್ನು ಬೆರಳು ಎಳೆದು ಬಿಡುವುದು, ಆಮೇಲೆ ಮರದ ಪೆಟ್ಟಿಗೆ ಗುಂಯ್ ಅನ್ನುವುದು, ಎರಡೂ ಬೇರೆ ಬೇರೆಯಾಗಿ ಕೇಳುತ್ತವೆ. ಹನ್ನೊಂದು ದಿನ ಆದಮೇಲೆ, ಜುಲೈ 6ರಂದು, ಕಾರು ಅಪಘಾತದಲ್ಲಿ ಲಫಾರೊ ತೀರಿಹೋದರು. 25 ವರ್ಷ. ನಿರ್ಮಾಪಕ ಒರಿನ್ ಕೀಪ್‌ನ್ಯೂಸ್ ಆ ಭಾನುವಾರ ಟೇಪ್ ಓಡಿಸದೆ ಇದ್ದಿದ್ದರೆ ಈ ಮೂವರು ಒಟ್ಟಿಗೆ ಎಲ್ಲಿಗೆ ತಲುಪಿದ್ದರು ಅನ್ನೋದಕ್ಕೆ ನಮ್ಮ ಹತ್ತಿರ ಸರಿಯಾದ ಸಾಕ್ಷಿಯೇ ಇರುತ್ತಿರಲಿಲ್ಲ.

ಪಿಯಾನೊ ವಾದಕ ಕೀತ್ ಜ್ಯಾರೆಟ್ ಅವರ 'ದ ಕೋಲ್ನ್ ಕನ್ಸರ್ಟ್' ಹೆಸರು ನೀವು ಕೇಳಿರಬಹುದು. 1975ರ ಜನವರಿ 24, ಜರ್ಮನಿಯ ಕೋಲ್ನ್ ನಗರದ ಒಪೆರಾ ಹೌಸ್. ಅವರು ಬೇಕೆಂದ ಪಿಯಾನೊ ಬರಲಿಲ್ಲ. ಬಂದದ್ದು ಚಿಕ್ಕದು, ಮೇಲಿನ ಸ್ವರಗಳು ತೆಳು, ಪೆಡಲ್ ಸರಿಯಿಲ್ಲ. ಅವರು ಹೆಚ್ಚಾಗಿ ನಡುವಿನ ಸ್ವರಗಳಲ್ಲೇ ಉಳಿದು, ಎಡಗೈಯಲ್ಲಿ ಒಂದೇ ಲಯವನ್ನು ಮತ್ತೆ ಮತ್ತೆ ತಿರುಗಿಸಿ, ಯಾವ ಸಿದ್ಧತೆಯೂ ಇಲ್ಲದೆ ಒಂದು ಗಂಟೆಗೂ ಜಾಸ್ತಿ ನುಡಿಸಿದರು. ಎಂಜಿನಿಯರ್ ಮಾರ್ಟಿನ್ ವೀಲಾಂಡ್ ಇಟ್ಟದ್ದು ಎರಡು ಮೈಕ್. ಪಿಯಾನೊದ ಕುಂದೂ ಕೇಳುತ್ತದೆ, ಜ್ಯಾರೆಟ್ ನರಳುವುದೂ ಕೇಳುತ್ತದೆ. ಎರಡೂ ಇರಲಿ.

ನಮ್ಮ ಕಡೆಗೆ ಬರೋಣ. ಹಿಂದೂಸ್ತಾನಿಯಲ್ಲಿ ನಾನು ಮೊದಲು ಹೇಳುವುದು ರವಿಶಂಕರ್, ಅಲಿ ಅಕ್ಬರ್ ಖಾನ್, ಅಲ್ಲಾರಖಾ ಅವರ 'ಇನ್ ಕನ್ಸರ್ಟ್ 1972'. ರವಿಶಂಕರ್, ಅಲಿ ಅಕ್ಬರ್ ಇಬ್ಬರಿಗೂ ಗುರು ಬಾಬಾ ಅಲ್ಲಾವುದ್ದೀನ್ ಖಾನ್. ಅವರು ಸೆಪ್ಟೆಂಬರ್ 6ರಂದು ತೀರಿಕೊಂಡರು. ಅಕ್ಟೋಬರ್ 8ಕ್ಕೆ ನ್ಯೂಯಾರ್ಕಿನ ಫಿಲ್ಹಾರ್ಮೋನಿಕ್ ಹಾಲಿನಲ್ಲಿ ಶಿಷ್ಯರು ಅವರ ನೆನಪಿಗೆ ಕೂತು ನುಡಿಸಿದರು. ಹೇಮ್ ಬಿಹಾಗ್, ಮಾಂಜ್ ಖಮಾಜ್, ಸಿಂಧಿ ಭೈರವಿ. ಆ ಹಾಲಿಗೆ ಆಗ ಕೆಟ್ಟ ಹೆಸರು, ಸಂಗೀತ ಅಲ್ಲಿ ಸರಿಯಾಗಿ ಕೇಳುವುದಿಲ್ಲ ಅಂತ. 1976ರಲ್ಲಿ ಒಳಗೆಲ್ಲ ಕೆಡವಿ ಮತ್ತೆ ಕಟ್ಟಿದರು. ಆದರೂ ಆಲ್ಬಂ ಚೆನ್ನಾಗಿದೆ. ಬೆಲಫಾಂಟೆ ಆಲ್ಬಮ್ಮಿನ ಹೊಳಪು ಇದರಲ್ಲಿ ಹುಡುಕಬೇಡಿ. ಇದರಲ್ಲಿ ಇರುವುದು ಸಿತಾರ್ ಮತ್ತು ಸರೋದ್ ನಡುವಿನ ವ್ಯತ್ಯಾಸ. ಸಿತಾರಿನಲ್ಲಿ ತರಬ್ ತಂತಿಗಳ, ಅಂದ್ರೆ ಕೆಳಗಿದ್ದು ತಾವಾಗಿಯೇ ಅನುರಣಿಸುವ ತಂತಿಗಳ, ಝೇಂಕಾರ ಉದ್ದಕ್ಕೆ ಹರಡುತ್ತದೆ, ಸರೋದ್ ಚರ್ಮದ ಮೇಲೆ ಕೂತದ್ದರಿಂದ ಹೊಡೆತ ಗಟ್ಟಿಯಾಗಿ ಬಿದ್ದು ಬೇಗ ಅಡಗುತ್ತದೆ. ಅಲಿ ಅಕ್ಬರರ ಶಿಷ್ಯ ರಾಜೀವ ತಾರಾನಾಥರನ್ನು ಎದುರು ಕೂತು ಕೇಳಿದವರಿಗೆ ಆ ಸರೋದಿನ ತೂಕ ಗೊತ್ತಿರುತ್ತದೆ. ಮಾಂಜ್ ಖಮಾಜ್‌ನಲ್ಲಿ ಒಬ್ಬರು ಬಿಟ್ಟ ಕಡೆ ಇನ್ನೊಬ್ಬರು ಹಿಡಿಯುವುದನ್ನು ಕಣ್ಣು ಮುಚ್ಚಿ ಕೇಳಿ, ಯಾರು ಅಂತ ಒಂದು ಸಲವೂ ಗೊಂದಲ ಆಗುವುದಿಲ್ಲ.

'ವೇಣು' ಅಂತ ಒಂದಿದೆ. ಹರಿಪ್ರಸಾದ್ ಚೌರಾಸಿಯಾ, ಜಾಕಿರ್ ಹುಸೇನ್, ರಾಗ ಆಹಿರ್ ಭೈರವ್. 1974ರಲ್ಲಿ ಕ್ಯಾಲಿಫೋರ್ನಿಯಾದ ಫೇರ್‌ಫ್ಯಾಕ್ಸ್ ಊರಿನ ಸ್ಟೋನ್ ಹೌಸ್ ಅನ್ನೋ ಜಾಗದಲ್ಲಿ ಆದದ್ದು. ರೆಕಾರ್ಡ್ ಮಾಡಿಸಿದ್ದು ಗ್ರೇಟ್‌ಫುಲ್ ಡೆಡ್ ತಂಡದ ಡ್ರಮ್ಮರ್ ಮಿಕಿ ಹಾರ್ಟ್. ಕೊಳಲಿನೊಳಗೆ ಉಸಿರು ಹೋಗುವುದು, ಅದು ಸ್ವರ ಆಗುವ ಮುಂಚಿನ ಆ ಸಣ್ಣ ಗಾಳಿ, ಇಷ್ಟು ಚೆನ್ನಾಗಿ ಹಿಡಿದಿರುವ ಆಲ್ಬಂ ನನಗೆ ಬೇರೆ ಸಿಕ್ಕಿಲ್ಲ. ಈ ಹೆಸರನ್ನು ನೆನಪಿಟ್ಟುಕೊಳ್ಳಿ, ಮತ್ತೆ ಬೇಕಾಗುತ್ತದೆ.

ಹೆಸರು ಹೇಳುತ್ತಾ ಹೋದರೆ ಮುಗಿಯುವುದಿಲ್ಲ, ಆದರೂ ಇನ್ನು ಕೆಲವು ಬೇಗ ಹೇಳಿಬಿಡುತ್ತೇನೆ. ನಮ್ಮ ಸಂಗೀತವನ್ನೂ ಜಾಝನ್ನೂ ಬೆರೆಸಿದ ಶಕ್ತಿ ತಂಡದ ಮೊದಲ ಆಲ್ಬಂ, 1975ರ ಜುಲೈ 5ರಂದು ನ್ಯೂಯಾರ್ಕ್ ಹತ್ತಿರದ ಸೌತಾಂಪ್ಟನ್ ಕಾಲೇಜಿನಲ್ಲಿ ಆದ ಕಛೇರಿ. ಜಾನ್ ಮೆಕ್‌ಲಾಫ್ಲಿನ್ ಗಿಟಾರ್, ಎಲ್. ಶಂಕರ್ ಪಿಟೀಲು. ತಬಲಾ, ಮೃದಂಗ, ವಿಕ್ಕು ವಿನಾಯಕರಾಮ್ ಅವರ ಘಟ ಮೂರೂ ಒಂದೇ ವೇಗದಲ್ಲಿ ಓಡುವಾಗ ಯಾವುದು ಎಲ್ಲಿದೆ ಅಂತ ಬಿಡಿಸಿ ಕೇಳಲು ಪ್ರಯತ್ನಿಸಿ, ಒಳ್ಳೆಯ ಸ್ಪೀಕರಿಗೆ ಇದಕ್ಕಿಂತ ಕಷ್ಟದ ಕೆಲಸ ಇಲ್ಲ. ನಿಖಿಲ್ ಬ್ಯಾನರ್ಜಿ 1970ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ನುಡಿಸಿದ ಭೀಮ್‌ಪಲಾಸಿ, ಮುಲ್ತಾನಿ. ನುಸ್ರತ್ ಫತೇ ಅಲಿ ಖಾನ್ 1985ರಲ್ಲಿ ಪ್ಯಾರಿಸ್‌ನಲ್ಲಿ ಹಾಡಿದ ಕವ್ವಾಲಿ, ರೇಡಿಯೊ ಫ್ರಾನ್ಸ್‌ನ ಒಕೊರಾ ಲೇಬಲ್ಲಿನದು, ಅದರಲ್ಲಿ ಚಪ್ಪಾಳೆಯೂ ವಾದ್ಯವೇ, ಅದೂ ಅಷ್ಟೇ ಸ್ಪಷ್ಟ. ಮಗನಿಗೆ ರಾಕ್ ಇಷ್ಟ ಇದ್ದರೆ ಡೀಪ್ ಪರ್ಪಲ್‌ನ 'ಮೇಡ್ ಇನ್ ಜಪಾನ್' ಕೊಡಿ. 1972ರ ಆಗಸ್ಟ್‌ನಲ್ಲಿ ಒಸಾಕ ಮತ್ತು ಟೋಕಿಯೊದಲ್ಲಿ ಮೂರು ರಾತ್ರಿ, ಎಂಜಿನಿಯರ್ ಮಾರ್ಟಿನ್ ಬರ್ಚ್. ಅಲ್ಲಿಗೆ ವಾದ ನಿಂತರೂ ನಿಲ್ಲಬಹುದು.

ಜನರೇ ಇಲ್ಲದ ಒಂದನ್ನೂ ಈ ಸಾಲಿಗೆ ಸೇರಿಸುತ್ತೇನೆ. ವಿಶ್ವಮೋಹನ ಭಟ್ ಮತ್ತು ರೈ ಕೂಡರ್ ಅವರ 'ಎ ಮೀಟಿಂಗ್ ಬೈ ದ ರಿವರ್'. 1992ರ ಸೆಪ್ಟೆಂಬರ್, ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದ ಒಂದು ಚಾಪೆಲ್. ಇಬ್ಬರೂ ಮುಖಾಮುಖಿ ಆದದ್ದು ನುಡಿಸುವುದಕ್ಕೆ ಸ್ವಲ್ಪ ಮೊದಲಷ್ಟೇ. ಕವಿಚಂದ್ರನ್ ಅಲೆಕ್ಸಾಂಡರ್ ಎರಡು ಮೈಕನ್ನು ಜೋಡಿಸಿಟ್ಟು, ವಾಲ್ವ್ ಇರುವ ಟೇಪ್ ಮೆಷಿನ್‌ನಲ್ಲಿ, ಆಮೇಲೆ ಏನನ್ನೂ ಸೇರಿಸದೆ ರೆಕಾರ್ಡ್ ಮಾಡಿದರು. ಗ್ರ್ಯಾಮಿಯೂ ಬಂತು. ಕೇಳುಗರು ಇರಲಿಲ್ಲವಲ್ಲ, ಇದು ಲೈವ್ ಹೇಗೆ ಅಂತ ನೀವು ಕೇಳಬಹುದು. ಎಲ್ಲರೂ ಒಂದೇ ಕೋಣೆಯಲ್ಲಿ, ಒಂದೇ ಹೊತ್ತಿನಲ್ಲಿ, ಒಬ್ಬರ ಮುಖ ಒಬ್ಬರು ನೋಡಿಕೊಂಡು ನುಡಿಸಿದ್ದಾರೆ. ನನಗೆ ಅದು ಸಾಕು. ಚಪ್ಪಾಳೆ ಇದ್ದ ಮಾತ್ರಕ್ಕೆ ಲೈವ್ ಆಗುವುದೂ ಇಲ್ಲ. ರೋಲಿಂಗ್ ಸ್ಟೋನ್ಸ್ ತಂಡದ 1966ರ ಲೈವ್ ಆಲ್ಬಮ್ಮಿನಲ್ಲಿ ಎರಡು ಹಾಡು ಸ್ಟುಡಿಯೊದಲ್ಲಿ ಮಾಡಿದ್ದು, ಜನರ ಕೂಗನ್ನು ಆಮೇಲೆ ಅಂಟಿಸಿದ್ದು. ಹಾಡು ಹಾಡಿಗೂ ಒಂದೇ ಥರ ಶುರುವಾಗಿ ಒಂದೇ ಥರ ಮುಗಿಯುವ ಚಪ್ಪಾಳೆ ಕೇಳಿದರೆ ಅನುಮಾನ ಪಡಿ.

ಕರ್ನಾಟಕ ಸಂಗೀತದ ಬಗ್ಗೆ ನನಗೆ ಬೇಜಾರಿದೆ, ಹೇಳಿಬಿಡುತ್ತೇನೆ. ನಮ್ಮ ಸಂಗೀತ ಬದುಕಿರುವುದೇ ಕಛೇರಿಯಲ್ಲಿ. ಒಂದೇ ಸಾಲನ್ನು ಬಗೆಬಗೆಯಾಗಿ ಬೆಳೆಸುವ ನೆರವಲ್ ಯಾವ ಸಾಲಿನಲ್ಲಿ ಬರುತ್ತದೆ, ಮೃದಂಗದವರು ತಾವೇ ನುಡಿಸುವ ತನಿ ಎಷ್ಟು ಹೊತ್ತು ಹೋಗುತ್ತದೆ ಅನ್ನೋದು ಅಲ್ಲೇ ಹುಟ್ಟಬೇಕು. ಅಂಥದ್ದಕ್ಕೆ ಒಳ್ಳೆಯ ಲೈವ್ ಆಲ್ಬಂ ರಾಶಿ ರಾಶಿ ಇರಬೇಕಿತ್ತು, ಇಲ್ಲ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀರಾಮಸೇವಾ ಮಂಡಳಿ 1939ರಿಂದ ರಾಮನವಮಿ ಕಛೇರಿ ನಡೆಸಿಕೊಂಡು ಬಂದಿದೆ, ದೊಡ್ಡವರೆಲ್ಲ ಅಲ್ಲಿ ಹಾಡಿದ್ದಾರೆ. ಇಂಥ ವೇದಿಕೆಗಳಲ್ಲಿ ಕೇಳಿದ್ದು ಮನೆಗೆ ಬರುವುದು ಬಹಳ ಸಲ ನಿಮ್ಮ ಕೈಲಿರುವಂಥ ರೆಕಾರ್ಡಿಂಗ್ ಆಗಿಯೇ. ಚೆನ್ನೈನ ಚಾರ್ಸುರ್ ಕಂಪನಿ 'ಡಿಸೆಂಬರ್ ಸೀಸನ್' ಅನ್ನೋ ಹೆಸರಿನಲ್ಲಿ ಅಲ್ಲಿನ ಕಛೇರಿಗಳನ್ನು ಆಲ್ಬಂ ಮಾಡಿ ತಂದಿದೆ. ಸಂಜಯ್ ಸುಬ್ರಹ್ಮಣ್ಯನ್, ಟಿ.ಎಂ. ಕೃಷ್ಣ ಅವರದ್ದನ್ನು ಹುಡುಕಿ ಕೇಳಿ. ಪಿಟೀಲು ಗಾಯಕರ ನೆರಳಾಗಿ ಬರುವುದು, ಮೃದಂಗದ ಎಡ ಬಲ ಎರಡೂ ಮುಖ ತಿಳಿಯುವುದು, ಇಷ್ಟಾದರೂ ಸಿಗುತ್ತದೆ. ಸಭೆಗಳನ್ನು ನಡೆಸುವವರು ಇದನ್ನು ಓದುತ್ತಿದ್ದರೆ ಒಂದು ಮಾತು. ವೇದಿಕೆಗೆ ಹೂವಿನ ಅಲಂಕಾರ ಮಾಡಿಸುವ ಹಣದಲ್ಲಿ ಸ್ವಲ್ಪ ಉಳಿಸಿ ರೆಕಾರ್ಡಿಂಗ್‌ಗೆ ಅಂತ ಬೇರೆ ಮೈಕ್ ಹಾಕಿಸಿ. ತಂಬೂರಿಗೂ ಒಂದು.

ಕೇಳುವಾಗ ಎರಡು ವಿಷಯ ನೋಡಿಕೊಳ್ಳಿ. ಫೋನಿನಿಂದ ಹಾಕುತ್ತಿದ್ದರೆ ಎಲ್ಲ ಹಾಡನ್ನೂ ಒಂದೇ ಮಟ್ಟಕ್ಕೆ ತರುವ ಸೆಟ್ಟಿಂಗ್ ಇರುತ್ತದೆ, ಅದನ್ನು ಆಫ್ ಮಾಡಿ. ಸ್ಪೀಕರುಗಳನ್ನು ಗೋಡೆಗೆ ಒತ್ತಿ ಇಟ್ಟಿದ್ದರೆ ಒಂದೆರಡು ಅಡಿ ಮುಂದೆ ತನ್ನಿ. ಗೋಡೆಗೆ ಒತ್ತಿದಷ್ಟೂ ಕೆಳಗಿನ ದನಿ ಊದಿಕೊಂಡು, ಹಾಲಿನ ಆಳ ತಿಳಿಸುವ ಸಣ್ಣ ಸಣ್ಣ ಸದ್ದುಗಳು ಮುಚ್ಚಿಹೋಗುತ್ತವೆ.

ಈಗ ನಿಮ್ಮ ಕೊನೆಯ ಪ್ರಶ್ನೆ. 'ವೇಣು' ಹಾಕಿ. ಆಲಾಪದಲ್ಲಿ, ತಬಲಾ ಇನ್ನೂ ಬಂದಿರುವುದಿಲ್ಲ, ಕೊಳಲು ನಿಂತ ಜಾಗದಲ್ಲಿ ಹಿಂದೆ ತಂಬೂರಿ ಕೇಳಬೇಕು. ಅದು ಎಲ್ಲಿಂದ ಬರುತ್ತಿದೆ ಅಂತ ನೀವು ಬೆರಳು ಮಾಡಿ ತೋರಿಸುವ ಹಾಗಿದ್ದರೆ ನಿಮ್ಮ ಸ್ಪೀಕರ್ ಸರಿಯಾಗಿದೆ. ಬದಲಾಯಿಸಬೇಕಾದದ್ದು ಆ ರಾಮನವಮಿ ರೆಕಾರ್ಡಿಂಗ್ ಮಾತ್ರ. ಅದೇ ಕಛೇರಿಯನ್ನು ಬೇರೆ ಯಾರಾದರೂ ಮುಂದಿನ ಸಾಲಿನಿಂದ ರೆಕಾರ್ಡ್ ಮಾಡಿದ್ದಾರಾ ಅಂತ ಗೆಳೆಯರ ಹತ್ತಿರ ವಿಚಾರಿಸಿ.