ಬೈಪಾಸ್ ಆದ ಮೇಲೆ ಅಪ್ಪನ ಪ್ಲೇಟ್‌ಲೆಟ್ ಇಳಿದಿದೆ, ಆದರೂ ಡಾಕ್ಟರ್ ಪ್ಲೇಟ್‌ಲೆಟ್ ಯಾಕೆ ಹಾಕುತ್ತಿಲ್ಲ?

ಬೈಪಾಸ್ ಆಗಿ ಏಳನೇ ದಿನಕ್ಕೆ ಅಪ್ಪನ ಪ್ಲೇಟ್‌ಲೆಟ್ 2.4 ಲಕ್ಷದಿಂದ 90 ಸಾವಿರಕ್ಕೆ ಬಂದಿದೆ, 'ಎಚ್‌ಐಟಿ (ಹೆಪಾರಿನ್‌ನಿಂದಲೇ ಪ್ಲೇಟ್‌ಲೆಟ್ ಇಳಿಯುವ ತೊಂದರೆ) ಇರಬಹುದು' ಅಂತ, ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಔಷಧಿ ನಿಲ್ಲಿಸಿದ್ದಾರೆ ಎಂದು ಬರೆದಿದ್ದೀರಿ. ನಾನು ಹೃದಯ ಶಸ್ತ್ರಚಿಕಿತ್ಸೆ ಐಸಿಯುನಲ್ಲಿ ನರ್ಸ್. ನೀವು ಹೇಳಿದ್ದನ್ನು ನೋಡಿದರೆ ಡಾಕ್ಟರ್ ಸರಿಯಾಗಿಯೇ ಯೋಚಿಸಿದ್ದಾರೆ.

ಪ್ಲೇಟ್‌ಲೆಟ್ ಅಂದ ಕೂಡಲೇ ನಮಗೆ ನೆನಪಾಗುವುದು ಡೆಂಗಿ, ಅಲ್ವಾ? ಇಳಿದರೆ ರಕ್ತ ಸೋರುತ್ತದೆ ಎಂಬ ಭಯ. ಎಚ್‌ಐಟಿಯಲ್ಲಿ ಭಯ ಪಡಬೇಕಾದ್ದು ರಕ್ತ ಹೆಪ್ಪುಗಟ್ಟುವುದಕ್ಕೆ. ಪ್ಲೇಟ್‌ಲೆಟ್‌ನಿಂದ ಹೊರಬರುವ ಪಿಎಫ್4 ಎಂಬ ಪ್ರೋಟೀನ್‌ಗೆ ಹೆಪಾರಿನ್ ಅಂಟಿಕೊಳ್ಳುತ್ತದೆ. ಕೆಲವರ ದೇಹ ಈ ಜೋಡಿಯ ವಿರುದ್ಧ ಆಂಟಿಬಾಡಿ ಮಾಡುತ್ತದೆ. ಆ ಆಂಟಿಬಾಡಿ ಪ್ಲೇಟ್‌ಲೆಟ್‌ಗಳನ್ನು ಕೆರಳಿಸುತ್ತದೆ. ಕೆರಳಿದವು ರಕ್ತನಾಳದೊಳಗೆ ಹೆಪ್ಪು ಕಟ್ಟುತ್ತಾ ಖರ್ಚಾಗುತ್ತವೆ. ಕೌಂಟ್ ಇಳಿಯುವುದು ಅದಕ್ಕೇ. ಈಗ ಪ್ಲೇಟ್‌ಲೆಟ್ ಹಾಕಿದರೆ ಉರಿಯುವ ಒಲೆಗೆ ಸೌದೆ ಇಟ್ಟಂತೆ. ಜೋರಾಗಿ ರಕ್ತ ಹೋಗುತ್ತಿದ್ದರೆ ಮಾತ್ರ ಬೇರೆ ಮಾತು.

ಬೈಪಾಸ್ ಆದ ಮೊದಲ ಎರಡು ಮೂರು ದಿನ ಹಾರ್ಟ್-ಲಂಗ್ ಮಷಿನ್‌ನಿಂದಾಗಿ (ಆಪರೇಷನ್ ವೇಳೆ ಹೃದಯ, ಶ್ವಾಸಕೋಶದ ಕೆಲಸ ಮಾಡುವ ಯಂತ್ರ) ಹೆಚ್ಚಿನವರಿಗೆ ಪ್ಲೇಟ್‌ಲೆಟ್ ಇಳಿಯುತ್ತದೆ, ಆಮೇಲೆ ಏರುತ್ತದೆ. ಏರಿದ್ದು ಐದರಿಂದ ಹತ್ತನೇ ದಿನದೊಳಗೆ ಮತ್ತೆ ಅರ್ಧಕ್ಕಿಂತ ಕೆಳಗೆ ಬಿದ್ದರೆ ನಮಗೆ ಮೊದಲು ಬರುವ ಅನುಮಾನವೇ ಎಚ್‌ಐಟಿ. ಹಾಗಾಗಿ ಅಪ್ಪನ ದಿನದಿನದ ಕೌಂಟ್ ಕೇಳಿ ಬರೆದಿಡಿ. ಸೋಂಕು, ಕೆಲವು ಆಂಟಿಬಯೋಟಿಕ್‌ಗಳಿಂದಲೂ ಇಳಿಯಬಹುದು, ಅದಕ್ಕೇ ಆಂಟಿಬಾಡಿ ಪರೀಕ್ಷೆ ಬೇಕು.

ಹೆಪಾರಿನ್ ನಿಲ್ಲಿಸಿದರೆ ಅರ್ಧ ಕೆಲಸವಷ್ಟೇ. ಆಂಟಿಬಾಡಿ ಇನ್ನೂ ರಕ್ತದಲ್ಲೇ ಇರುತ್ತದೆ. ಅನುಮಾನ ಬಲವಾಗಿದ್ದರೆ ರಿಪೋರ್ಟ್‌ಗೆ ಕಾಯದೆ ಆರ್ಗಾಟ್ರೋಬಾನ್, ಬೈವಾಲಿರುಡಿನ್ ಅಥವಾ ಫೋಂಡಾಪ್ಯಾರಿನಕ್ಸ್ ಥರದ, ಹೆಪಾರಿನ್ ಅಲ್ಲದ ಹೆಪ್ಪು ತಡೆಯುವ ಔಷಧಿ ಶುರು ಮಾಡುತ್ತಾರೆ. ಯಾವುದು ಕೊಡುತ್ತಿದ್ದೀರಿ ಎಂದು ನೇರವಾಗಿ ಕೇಳಿ. ಎನಾಕ್ಸಪ್ಯಾರಿನ್ ಕೂಡ ಹೆಪಾರಿನ್ ಜಾತಿಯದೇ, ಅದೂ ಆಗುವುದಿಲ್ಲ. ಐವಿ ಲೈನ್ ತೊಳೆಯಲು ಬಳಸುವ ಹೆಪಾರಿನ್ ನೀರನ್ನು ಮರೆಯುವುದು ಸುಲಭ. ಅದರ ಬಗ್ಗೆ ಕೇಳಲು ಸಂಕೋಚ ಬೇಡ. ಹೆಪ್ಪು ತಡೆಯುವ ಮಾತ್ರೆಯಾದ ವಾರ್ಫರಿನ್ ಅನ್ನು ಪ್ಲೇಟ್‌ಲೆಟ್ ಏರುವ ಮುಂಚೆ ಶುರು ಮಾಡಿದರೆ ಚರ್ಮ, ಬೆರಳು ಕಪ್ಪಾಗುವ ಅಪಾಯವಿದೆ. ಸಾಮಾನ್ಯವಾಗಿ 1.5 ಲಕ್ಷ ದಾಟುವವರೆಗೆ ಕಾಯುತ್ತಾರೆ.

ಒಂದು ಕಾಲು ಊದಿದರೆ, ಬೆರಳು ತಣ್ಣಗಾಗಿ ನೀಲಿಯಾದರೆ, ಉಸಿರು ಕಟ್ಟಿದರೆ, ಮಾತು ತೊದಲಿದರೆ ತಕ್ಷಣ ಸಿಸ್ಟರ್‌ನ ಕರೆಯಿರಿ. ಪಪಾಯ ಎಲೆ ರಸ ಸುಮ್ನೆ ಕೊಡಬೇಡಿ, ಡಾಕ್ಟರ್ ಬರೆದ ಆಸ್ಪಿರಿನ್ ನೀವಾಗಿ ನಿಲ್ಲಿಸಲೂ ಬೇಡಿ.

ಎಚ್‌ಐಟಿ ಖಚಿತವಾದರೆ ಡಿಸ್ಚಾರ್ಜ್ ಸಮ್ಮರಿಯಲ್ಲಿ ಹೆಪಾರಿನ್ ಕೊಡಬಾರದೆಂದು ದೊಡ್ಡದಾಗಿ ಬರೆಸಿ. ಮುಂದೆ ಆಂಜಿಯೋಗ್ರಾಮ್, ಡಯಾಲಿಸಿಸ್ ಏನೇ ಇದ್ದರೂ ಮೊದಲೇ ಹೇಳಿ. ಹೆಪಾರಿನ್ ನಿಲ್ಲಿಸಿದ ಮೇಲೆ ಕೌಂಟ್ ಹೆಚ್ಚಾಗಿ ಕೆಲವೇ ದಿನಗಳಲ್ಲಿ ಏರತೊಡಗುತ್ತದೆ. ನಾಳೆಯ ಕೌಂಟ್ ಎಷ್ಟು ಬಂತು ಅಂತ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.