ಕನ್ನಡವೂ ತುರ್ಕಿಯೂ ಅಂಟುನುಡಿಗಳು, ಅಂದರೆ ಪದಕ್ಕೆ ಪ್ರತ್ಯಯಗಳನ್ನು ಒಂದರ ಹಿಂದೊಂದು ಅಂಟಿಸುವ ಭಾಷೆಗಳು. ಹಾಗಾದರೆ ಕನ್ನಡಿಗರಿಗೆ ತುರ್ಕಿ ಸುಲಭವೇ?

ಇದೇ ಲೆಕ್ಕ ಹಾಕಿಕೊಂಡು ನಾನೂ ತುರ್ಕಿ ಕಲಿಯಲು ಕೂತವನು. ಪದದ ತುದಿಗೆ ಒಂದೊಂದೇ ಪ್ರತ್ಯಯ ಹಚ್ಚುತ್ತ ಹೋಗುವುದು, ವಾಕ್ಯದ ಕೊನೆಗೆ ಕ್ರಿಯಾಪದ, ಎಲ್ಲ ನಮ್ಮ ಹಾಗೇ. ಎವ್ ಅಂದರೆ ಮನೆ, ಎವ್ಲೆರ್ ಮನೆಗಳು, ಎವ್ಲೆರ್‌ದೆನ್ ಮನೆಗಳಿಂದ. ಸಲೀಸು. ಎಡವಿದ್ದು ‘ಮನೆಯ ಕಿಟಕಿಯನ್ನು ಒರೆಸಿದೆ’ ಅನ್ನಲು ಹೋದಾಗ.

‘ಎವಿನ್ ಪೆಂಜೆರೆಯಿ ಸಿಲ್ದಿಮ್’ ಅಂದೆ. ಬಿಡಿಬಿಡಿಯಾಗಿ ನೋಡಿದರೆ ಎಲ್ಲವೂ ಸರಿ. ಎವ್‌ಗೆ ‘ಇನ್’ ಸೇರಿದರೆ ‘ಮನೆಯ’. ಪೆಂಜೆರೆ ಅಂದರೆ ಕಿಟಕಿ, ‘ಇ’ ದ್ವಿತೀಯಾ ವಿಭಕ್ತಿ. ಎರಡು ಸ್ವರ ಕೂಡುವಲ್ಲಿ ಯಕಾರವೂ ಬಂದಿದೆ, ನಮ್ಮ ‘ಕಿಟಕಿಯನ್ನು’ ಎಂಬಲ್ಲಿ ಬರುವಂತೆಯೇ. ಆದರೂ ವಾಕ್ಯ ತಪ್ಪು. ಸರಿಯಾದದ್ದು ‘ಎವಿನ್ ಪೆಂಜೆರೆಸಿನಿ ಸಿಲ್ದಿಮ್’.

ತುರ್ಕಿಯಲ್ಲಿ ಮನೆಗೆ ಷಷ್ಠೀ ಹಚ್ಚಿದರೆ ಸಾಲದು, ಕಿಟಕಿಗೂ ‘ಅದರದು’ ಎಂಬ ಗುರುತು ಬೇಕು: ಪೆಂಜೆರೆ-ಸಿ. ಆ ಗುರುತಿನ ಮೇಲೆ ದ್ವಿತೀಯಾ ಬಂದಾಗ ನಡುವೆ ಸೇರುವುದು ಯಕಾರವಲ್ಲ, ನಕಾರ: ಪೆಂಜೆರೆ-ಸಿ-ನ್-ಇ. ನನ್ನ ವಾಕ್ಯದಲ್ಲಿ ಆ ‘ಸಿ’ ಇಲ್ಲದೆ ‘ಎವಿನ್’ ಯಾವುದಕ್ಕೂ ಸೇರದೆ ತೂಗಾಡಿತು. ಸಾಲದ್ದಕ್ಕೆ ‘ಎವಿನ್’ ಅಂದರೆ ‘ನಿನ್ನ ಮನೆ’ ಅಂತಲೂ ಆಗುತ್ತದೆ. ಪ್ರತ್ಯಯಗಳ ಪಟ್ಟಿಯನ್ನೆಲ್ಲ ಬಾಯಿಪಾಠ ಮಾಡಿದ್ದೆ. ಗುರುತು ಯಾವ ಪದದ ಮೇಲೆ ಬೀಳುತ್ತದೆ ಎಂದು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಕೆಡಿಸಿದ್ದು ಅದೊಂದೇ.

ಹಾಗಾಗಿ ‘ಅಂಟುನುಡಿ’ ಎಂಬ ಹಣೆಪಟ್ಟಿ ನೋಡಿ ಭಾಷೆ ಆರಿಸಬೇಡಿ. ‘ಮನೆಯ ಕಿಟಕಿ’ಯಲ್ಲಿ ಕನ್ನಡ ಗುರುತು ಹಾಕುವುದು ಮನೆಗೆ ಮಾತ್ರ. ಹಂಗೇರಿಯನ್ನಿನ ‘ಅ ಹಾಜ್ ಅಬ್ಲಕಾ’ದಲ್ಲಿ ಮನೆ ಬರಿದೇ ಇದ್ದು, ಕಿಟಕಿಗೆ (ಅಬ್ಲಕ್) ಗುರುತು. ತುರ್ಕಿಯಲ್ಲಿ ಎರಡಕ್ಕೂ. ಮೂರೂ ಅಂಟುನುಡಿಗಳೇ! ಭಾಷೆಗಳನ್ನು ಈ ದೃಷ್ಟಿಯಿಂದ ವಿಂಗಡಿಸಿ ಭಾಷಾವಿಜ್ಞಾನಿ ಜೊಹಾನಾ ನಿಕಲ್ಸ್ 1986ರಲ್ಲಿ ಬರೆದ ಪ್ರಬಂಧ, ಕಲಿಯುವವರಿಗೆ ಹಳೆಯ ವಿಂಗಡಣೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಯಾವ ಭಾಷೆಯೇ ಆಗಲಿ, ಮೊದಲ ವಾರ ಪ್ರತ್ಯಯಗಳ ಕೋಷ್ಟಕ ಮುಟ್ಟಬೇಡಿ. ಆ ಭಾಷೆ ಬಲ್ಲವರಿಂದ ಮೂರು ಮಾತು ಬರೆಸಿಕೊಂಡು ಬಿಡಿಸಿ ನೋಡಿ. ಮೊದಲನೆಯದು ‘ಮನೆಯ ಕಿಟಕಿಯನ್ನು ಒರೆಸಿದೆ’. ಎರಡನೆಯದು ‘ನನ್ನ ಮನೆಗಳಲ್ಲಿ’: ತುರ್ಕಿಯಲ್ಲಿ ಎವ್-ಲೆರ್-ಇಮ್-ದೆ, ಅಂದರೆ ಮನೆ-ಗಳು-ನನ್ನ-ಅಲ್ಲಿ, ಫಿನ್ನಿಶ್‌ನಲ್ಲಿ ತಾಲೊ-ಇ-ಸ್ಸ-ನಿ, ಮನೆ-ಗಳು-ಅಲ್ಲಿ-ನನ್ನ. ಸರತಿ ತಪ್ಪಿದರೆ ಪದವೇ ಆಗುವುದಿಲ್ಲ.

ಮೂರನೆಯದು ‘ಅವಳು ನನ್ನನ್ನು ನೋಡಿದಳು’. ಸ್ವಾಹಿಲಿಯಲ್ಲಿ ಇದು ಒಂದೇ ಪದ: ಅ-ಲಿ-ನಿ-ಒನ್-ಅ. ನೋಡಿದವರು, ಭೂತಕಾಲ, ನನ್ನನ್ನು, ಈ ಮೂರೂ ಧಾತುವಿಗಿಂತ ಮೊದಲೇ ಬಂದುಬಿಡುತ್ತವೆ. ನೋಡಿದ್ದು ಅವನೋ ಅವಳೋ ಎಂಬುದು ಆ ಪದದಲ್ಲಿಲ್ಲ. ನಮ್ಮ ‘ನೋಡಿದಳು’ವಿನ ‘ಅಳು’ ನೋಡಿ: ಪ್ರಥಮ ಪುರುಷ, ಏಕವಚನ, ಸ್ತ್ರೀಲಿಂಗ ಮೂರೂ ಒಂದೇ ತುಣುಕಿನಲ್ಲಿ. ಒಂದು ಪ್ರತ್ಯಯಕ್ಕೆ ಒಂದೇ ಅರ್ಥ ಎಂಬ ಅಂಟುನುಡಿಯ ನಿಯಮವನ್ನು ಕನ್ನಡವೇ ಪೂರ್ತಿ ಪಾಲಿಸುವುದಿಲ್ಲ.