ಮಸೂದೆಗೆ ತಿದ್ದುಪಡಿ: ಎಲ್ಲಿಯವರೆಗೆ?

ಪ್ರಶ್ನೆ: ಒಂದು ಕಾಯ್ದೆಯ ಎರಡು ಕಲಂ ಬದಲಿಸಲು ಸರ್ಕಾರ ಲೋಕಸಭೆಯಲ್ಲಿ ತಿದ್ದುಪಡಿ ಮಸೂದೆ ಮಂಡಿಸಿದೆ ಎನ್ನಿ. ಹೇಗೂ ಕಾಯ್ದೆ ಬಿಚ್ಚಿದ್ದಾರಲ್ಲ, ಅದರ ಇನ್ನೊಂದು ಕಲಮನ್ನೂ ಸರಿಪಡಿಸಿ ಎಂದು ನಮ್ಮ ಸಂಸದರು ತಿದ್ದುಪಡಿ ಕೊಡಬಹುದೇ?
— ಓದುಗರು, ಧಾರವಾಡ

ಉತ್ತರ: ಕೊಡಬಹುದು, ಆದರೆ ಅದು ಅಂಗೀಕಾರಾರ್ಹವಾಗುವುದು ಕಷ್ಟ. ಲೋಕಸಭೆಯ ನಿಯಮ 80ರ ಮೊದಲ ಷರತ್ತಿನಂತೆ ತಿದ್ದುಪಡಿ ಮಸೂದೆಯ ವ್ಯಾಪ್ತಿಯೊಳಗಿರಬೇಕು, ಆಯಾ ಖಂಡದ (ಮಸೂದೆಯ ಕಲಮಿಗೆ ಖಂಡ ಎನ್ನುತ್ತಾರೆ) ವಿಷಯಕ್ಕೂ ಹೊಂದಬೇಕು. ಸದನದ ಮುಂದಿರುವುದು ಇಡೀ ಕಾಯ್ದೆಯಲ್ಲ, ಮಸೂದೆ ಮುಟ್ಟಿದ ಕಲಮುಗಳು ಮಾತ್ರ. ಮುಟ್ಟದ ಕಲಮಿಗೆ ಸಾಮಾನ್ಯವಾಗಿ ಖಾಸಗಿ ಸದಸ್ಯರ ಮಸೂದೆಯೇ (ಸಚಿವರಲ್ಲದ ಸಂಸದರು ತಾವೇ ಮಂಡಿಸುವ ಮಸೂದೆ) ದಾರಿ.

ವ್ಯಾಪ್ತಿಯೊಳಗಿದ್ದರೂ ಎಡವುವ ಜಾಗಗಳಿವೆ. ಮಸೂದೆ ಚರ್ಚೆಗೆ ಬರುವ ದಿನಕ್ಕೆ ಒಂದು ದಿನ ಮೊದಲೇ ನೋಟಿಸ್ ತಲುಪಿರಬೇಕು. ತಡವಾದರೆ, ಯಾರಾದರೂ ಆಕ್ಷೇಪಿಸಿದಾಗ ಸ್ಪೀಕರ್ ಕೃಪೆಯೇ ಗತಿ. ‘ಅನುಸೂಚಿಯಲ್ಲಿ (ಮಸೂದೆಯ ಕೊನೆಗೆ ಸೇರಿಸುವ ಪಟ್ಟಿಯಲ್ಲಿ) ಹೇಳಿದಂತೆ’ ಎಂದು ಬರೆದು ಆ ಅನುಸೂಚಿಯ ನೋಟಿಸನ್ನೇ ಮರೆತರೆ ತಿದ್ದುಪಡಿ ನಿಲ್ಲದು. ಇಡೀ ಖಂಡವೇ ಬೇಡ ಎನ್ನುವವರು ‘ಕೈಬಿಡಿ’ ಎಂದು ತಿದ್ದುಪಡಿ ಬರೆಯುವುದು ವ್ಯರ್ಥ. ಖಂಡ ಮತಕ್ಕೆ ಬಂದಾಗ ‘ಇಲ್ಲ’ ಎಂದರಾಯಿತು. ತೆರಿಗೆ ಏರಿಸುವ ತಿದ್ದುಪಡಿಗೆ ಸಂವಿಧಾನದ 117ನೇ ವಿಧಿಯಂತೆ ರಾಷ್ಟ್ರಪತಿಗಳ ಶಿಫಾರಸು ಬೇಕು, ಇಳಿಸುವುದಕ್ಕೆ ಬೇಡ. ಮೂರನೇ ವಾಚನಕ್ಕೆ, ಅಂದರೆ ಮಸೂದೆಯನ್ನು ಅಂಗೀಕರಿಸುವ ಕೊನೆಯ ಹಂತಕ್ಕೆ ಬಂದ ಮೇಲೆ ಔಪಚಾರಿಕ ತಿದ್ದುಪಡಿ, ಪದ ತಿದ್ದುವುದು, ಆಗಲೇ ಆದ ತಿದ್ದುಪಡಿಗೆ ತಕ್ಕಂತೆ ಹೊಂದಿಸುವುದು ಬಿಟ್ಟರೆ ಹೆಚ್ಚೇನೂ ಸಾಗದು.

ಸರ್ಕಾರಕ್ಕೆ ಮಾತ್ರ ಹಿತ್ತಲ ಬಾಗಿಲೊಂದಿದೆ. ನಿಯಮ 388ರಡಿ, ಸ್ಪೀಕರ್ ಸಮ್ಮತಿ ಪಡೆದು, ಈ ವ್ಯಾಪ್ತಿಯ ಷರತ್ತನ್ನೇ ಅಮಾನತಿನಲ್ಲಿಡಲು ಸಚಿವರು ಪ್ರಸ್ತಾವ ತರುತ್ತಾರೆ. ವಿರೋಧ ಪಕ್ಷದವರೂ ತರಬಹುದು. ಆದರೆ ಗೆಲ್ಲಿಸಲು ಬಹುಮತ ಬೇಕಲ್ಲ! ಹಣಕಾಸು ಮಸೂದೆಗೆ ಕೊನೆಗಳಿಗೆಯಲ್ಲಿ ಹೊಸ ಖಂಡಗಳು ಸೇರಿಕೊಳ್ಳುವುದು ಹೀಗೆ.

ಪ್ರಶ್ನೆ: ರಾಜ್ಯದ ಗಡಿ ಬದಲಿಸುವ ಮಸೂದೆಯನ್ನು ವಿಧಾನಮಂಡಲದ ಅಭಿಪ್ರಾಯಕ್ಕೆ ಕಳಿಸಿದ ಮೇಲೆ ಸಂಸತ್ತು ಅದನ್ನು ತಿದ್ದಿದರೆ ಮತ್ತೆ ಕಳಿಸಬೇಕೇ?
— ಓದುಗರು, ಬೆಳಗಾವಿ

ಉತ್ತರ: ಬೇಡ. 1956ರ ರಾಜ್ಯ ಪುನರ್ವಿಂಗಡಣಾ ಮಸೂದೆಯ ಮೂಲ ಕರಡಿನಲ್ಲಿ ಮಹಾರಾಷ್ಟ್ರ, ಗುಜರಾತ್ ಬೇರೆ ಬೇರೆ ರಾಜ್ಯಗಳು, ಮುಂಬಯಿ ನಗರ ಕೇಂದ್ರಾಡಳಿತ ಪ್ರದೇಶ. ಸಂಸತ್ತು ಮೂರನ್ನೂ ಕೂಡಿಸಿ ದ್ವಿಭಾಷಾ ಬೊಂಬಾಯಿ ರಾಜ್ಯ ಮಾಡಿತು. ನಿಮ್ಮ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿದ್ದೂ ಇದೇ ಕಾಯ್ದೆ. ಮತ್ತೆ ಅಭಿಪ್ರಾಯ ಕೇಳಲಿಲ್ಲ ಎಂದು ಈ ಬದಲಾವಣೆಯನ್ನು ಪ್ರಶ್ನಿಸಿದ ಬಾಬುಲಾಲ್ ಪರಾಟೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1959ರಲ್ಲಿ ಹೇಳಿದ್ದು ಇಷ್ಟು: ರಾಜ್ಯಗಳ ಗಡಿ ಬದಲಿಸುವ ಬಗೆಗಿನ ಸಂವಿಧಾನದ 3ನೇ ವಿಧಿ ಮೂಲ ಪ್ರಸ್ತಾವಕ್ಕೆ ಅಭಿಪ್ರಾಯ ಕೇಳುತ್ತದೆ, ಪ್ರತಿ ತಿದ್ದುಪಡಿಗಲ್ಲ.